ಎಂಟನೇ ದಿನ ನಾನು ಹೋಗಲಿಲ್ಲ

ನನ್ನ ತಮ್ಮನ ಮೊಮ್ಮಗಳು ಸವಿತಾ ಆರೋಗ್ಯ ಸಹಾಯಕಿಯ ತರಬೇತಿ ಮುಗಿಸಿದ್ದಾಳೆ. ಚಿಂಚೋಳಿ ತಾಲೂಕಿನ ಒಂದು ಉಪಕೇಂದ್ರದಲ್ಲಿ ಆಕೆಗೆ ಕೆಲಸ ಸಿಕ್ಕಿದೆ. ಹೋಗುವ ಮುಂಚೆ ನನ್ನನ್ನು ಮಾತಾಡಿಸಲು ಸೇಡಂಗೆ ಬಂದಿದ್ದಳು. ಲಸಿಕೆಯನ್ನು ಈಗ ಮಂಜುಗಡ್ಡೆ ಇಟ್ಟ ಪೆಟ್ಟಿಗೆಯಲ್ಲಿ ಒಯ್ಯುತ್ತಾರಂತೆ. ಪೆಟ್ಟಿಗೆಯ ಮುಚ್ಚಳ ಎಷ್ಟು ಸಲ ತೆರೆಯಬೇಕು ಎಂಬುದಕ್ಕೂ ಒಂದು ಪಾಠ ಇದೆಯಂತೆ.

"ಮುತ್ಯಾ, ನಿಮ್ಮ ಕಾಲದಾಗ ಮಂಜುಗಡ್ಡಿ ಎಲ್ಲಿಂದ ಬರಬೇಕು? ಹೆಂಗ ಒಯ್ತಿದ್ರಿ?" ಎಂದು ಕೇಳಿದಳು.

"ಒದ್ದಿ ಅರಿವಿ ಸುತ್ತಿ ಒಯ್ತಿದ್ವಿ" ಎಂದೆ.

ಆಕೆ ನಕ್ಕಳು, ನಾನೂ ನಕ್ಕೆ. ಆಕೆ ಬಸ್ಸು ಹತ್ತಿ ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧವನ್ನು ಎದುರಿಗೆ ಕೂತು ಹೇಳುವ ಧೈರ್ಯ ಬರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆಕೆಯಂತೆ ಹೊಸದಾಗಿ ಕೆಲಸಕ್ಕೆ ಸೇರುವವರೂ ಓದಲಿ.

ನಾನು ದೇವಿ ಹಾಕುವವನಾಗಿದ್ದೆ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಿದ್ದರು, ಅದು ಬರದಂತೆ ತೋಳಿಗೆ ಲಸಿಕೆ ಹಾಕುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು. ಕಚೇರಿಯ ಉರ್ದುವಿನಲ್ಲಿ ಅದು ಟೀಕಾ. ಉರ್ದುವಿನಲ್ಲಿ ಮೆಟ್ರಿಕ್ ಮುಗಿಸಿದ್ದ ನನಗೆ, ನಿಜಾಮರ ಆಳ್ವಿಕೆ ಹೋದ ಮರುವರ್ಷ ಒಂದು ದವಾಖಾನೆಯಲ್ಲಿ ಈ ಕೆಲಸ ಸಿಕ್ಕಿತು. ಆ ದವಾಖಾನೆ ಯಾವ ಊರಿನದು ಎಂದು ಬರೆಯುವುದಿಲ್ಲ. ತಪ್ಪು ಊರಿನದಲ್ಲ, ನನ್ನದು.

ಕೆಲಸ ಕಲಿಸಿದವರು ಅಲ್ಲಿನ ಡಾಕ್ಟರ್ ಸಾಹೇಬರು. ಹೈದರಾಬಾದಿನಲ್ಲಿ ಉರ್ದುವಿನಲ್ಲಿಯೇ ಡಾಕ್ಟರಿ ಓದಿದವರು. ಎಲುಬು, ನರ, ರಕ್ತ, ಎಲ್ಲದರ ಹೆಸರೂ ಅವರ ಬಾಯಲ್ಲಿ ಉರ್ದು. ಸರ್ಕಾರ ಬದಲಾಗಿ ಕಾಗದಗಳು ಇಂಗ್ಲಿಷಿನಲ್ಲಿ ಬರತೊಡಗಿದಾಗ, ಐವತ್ತರ ಸಮೀಪದ ಆ ಮನುಷ್ಯ ಮೇಜಿನ ಮೇಲೆ ನಿಘಂಟು ಇಟ್ಟುಕೊಂಡು ತಾವು ಮೂವತ್ತು ವರ್ಷ ಬಲ್ಲ ರೋಗಗಳ ಹೆಸರನ್ನು ಮತ್ತೆ ಕಲಿಯುತ್ತಿದ್ದರು. ಕನ್ನಡವನ್ನು ಮಾತ್ರ ಅವರು ರೋಗಿಗಳಿಂದಲೇ ಕಲಿತಿದ್ದರು. ಹೀಗಾಗಿ ಅವರ ಕನ್ನಡದಲ್ಲಿ ನೋವಿನ ಮಾತುಗಳು ಬಹಳ ಇದ್ದವು.

ನಮ್ಮ ಉಪಕರಣ ಒಂದು ಗೇಣಿಗಿಂತ ಚಿಕ್ಕದು. ಹಿಡಿಯ ತುದಿಯಲ್ಲಿ ಸಣ್ಣ ಬಿಲ್ಲೆ, ಬಿಲ್ಲೆಗೆ ನಾಲ್ಕೈದು ಹಲ್ಲು. ಕೂಸಿನ ತೋಳಿನ ಮೇಲೆ ಲಸಿಕೆಯ ಒಂದು ಹನಿ ಇಟ್ಟು, ಅದರ ಮೇಲೆ ಈ ಹಲ್ಲು ಊರಿ ಬೆರಳುಗಳ ನಡುವೆ ತಿರುವಬೇಕು. ಚರ್ಮದ ಮೇಲ್ಪದರ ಮಾತ್ರ ತೆರೆಯಬೇಕು, ರಕ್ತ ಬರಬಾರದು. ಮೊದಲ ಹದಿನೈದು ದಿನ ಡಾಕ್ಟರು ನನಗೆ ಕೊಟ್ಟದ್ದು ಬದನೆಕಾಯಿ. ಮೇಲಿನ ಹೊಳಪು ಹೋಗಬೇಕು, ಒಳಗಿನ ನೀರು ಒಸರಬಾರದು.

"ಶರಣಪ್ಪ ಮಿಯಾ, ಟೀಕಾ ಹಾಕ್ಲಿಕತ್ತೀರೋ, ಪಲ್ಯಕ್ಕ ಹೆಚ್ಚಲಿಕತ್ತೀರೋ?" ಎನ್ನುತ್ತಿದ್ದರು. ನಾನು ಕೆಡಿಸಿದ ಕಾಯಿಗಳನ್ನು ಸಂಜೆ ಅವರ ಅಡುಗೆಯವನು ಒಯ್ಯುತ್ತಿದ್ದ. ಹದಿನೈದನೇ ದಿನ ಅವನೇ ಬಂದು, "ಸಾಹೇಬ್ರ, ಇವರಿಗೆ ಲಗೂನ ಪಾಸ್ ಮಾಡ್ರಿ, ಮನ್ಯಾಗ ಬದನೀಕಾಯಿ ಯಾರೂ ಮುಟ್ಟವಲ್ರು" ಎಂದ.

ಡಾಕ್ಟರು ಮತ್ತೆ ಮತ್ತೆ ಹೇಳುತ್ತಿದ್ದದ್ದು ಎಂಟನೇ ದಿನದ ಮಾತು. ಲಸಿಕೆ ಹತ್ತಿದರೆ ಮೂರು ನಾಲ್ಕು ದಿನಕ್ಕೆ ಕೆಂಪು ಗುಳ್ಳೆ ಏಳುತ್ತದೆ, ಎಂಟನೇ ದಿನಕ್ಕೆ ನಡುವೆ ತಗ್ಗಿರುವ, ನೀರು ತುಂಬಿದ, ಮುತ್ತಿನಂಥ ಬೊಕ್ಕೆಯಾಗುತ್ತದೆ. ಅದನ್ನು ಕಣ್ಣಿಂದ ಕಂಡ ಮೇಲೆಯೇ ರಜಿಸ್ಟರಿನಲ್ಲಿ 'ಕಾಮಿಯಾಬ್', ಅಂದರೆ ಸಫಲ, ಎಂದು ಬರೆಯಬೇಕು. "ಹೊಲ ಬಿತ್ತಿ ಬಂದಾಂವ ಮೊಳಕಿ ಬಂತೋ ಇಲ್ಲೋ ಅಂತ ನೋಡ್ಲಿಕ್ಕೆ ಹೋಗಂಗಿಲ್ಲೇನು?" ಎಂದು ಕೇಳುತ್ತಿದ್ದರು. ಬರೀ ಕಲೆ ನೋಡಿ ಮೋಸಹೋಗಬಾರದು. ಹಲ್ಲು ಜೋರಾಗಿ ಒತ್ತಿದರೆ ಲಸಿಕೆ ಸತ್ತಿದ್ದರೂ ಕಲೆ ಬೀಳುತ್ತದೆ. ನಿಜವಾದ ಕಲೆಯ ಒಳಗೆ ಸಣ್ಣ ಸಣ್ಣ ತಗ್ಗುಗಳಿರುತ್ತವೆ, ಸುಳ್ಳು ಕಲೆ ನುಣ್ಣಗೆ ಹೊಳೆಯುತ್ತದೆ.

ನನ್ನ ಮೊದಲ ಪ್ರಮಾದ ಶಹಾಬಾದಿನಲ್ಲಿ. ಅಲ್ಲಿ ದೇವಿ ಹಾಕುವವರು ಸಾಲದೆಂದು ಕೆಲವು ದಿನ ನನ್ನನ್ನು ಕಳಿಸಿದ್ದರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳ ನಡುವೆ ಕೆಲಸದವರ ಗುಡಿಸಲುಗಳು. ಒಂದು ಕೂಸಿನಿಂದ ಇನ್ನೊಂದಕ್ಕೆ ಹೋಗುವಾಗ ಹಲ್ಲುಗಳನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿ, ಪೂರ್ತಿ ಆರಿದ ಮೇಲೆ ಲಸಿಕೆಗೆ ತಾಗಿಸಬೇಕು. ನಾನು ಅವಸರದಲ್ಲಿ ಬಿಸಿ ಹಲ್ಲನ್ನೇ ಊರುತ್ತಾ ಹೋದೆ, ಲಸಿಕೆ ತೋಳಿನ ಮೇಲೆಯೇ ಸತ್ತಿತು. ಎಂಟನೇ ದಿನ ಹೋಗಿ ನೋಡಿದರೆ ಒಂದು ತೋಳಿನಲ್ಲೂ ಬೊಕ್ಕೆ ಇಲ್ಲ. ಮತ್ತೆ ಹಾಕಬೇಕೆಂದಾಗ ಕಲ್ಲು ಹೊರುವ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾಕ್ರಿ ದೇವಿ ಡಾಕ್ಟ್ರ, ಹೋದ ವಾರ ಬರೇ ಕೈ ಸಾಫ್ ಮಾಡ್ಕೊಂಡು ಹೋದ್ರೇನು? ನಾವು ಕಲ್ಲು ತಪ್ಪಾಗಿ ಒಡದ್ರ ಮುಕದ್ದಮ್ ಆ ದಿನದ ಕೂಲಿ ಹಿಡೀತಾನ. ನಿಮ್ಮ ಕೂಲಿ ಯಾರು ಹಿಡೀತಾರ?"

"ತಪ್ಪಾಗ್ಯದವ್ವ" ಎಂದೆ. ಬಯ್ಯುತ್ತಲೇ ಕೂಸಿನ ತೋಳು ಚಾಚಿದಳು. ಡಾಕ್ಟರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು, "ಇನ್ನ ಮ್ಯಾಲ ಹಲ್ಲು ಕಾಸಿದ ಮ್ಯಾಲ ಇಪ್ಪತ್ತು ಎಣಸ್ರಿ" ಎಂದರು, ಅಷ್ಟೇ. ಆ ದಿನ ಒಪ್ಪಿಕೊಳ್ಳುವುದು ಎಷ್ಟು ಸುಲಭವಾಗಿತ್ತೆಂದು ಆಮೇಲೆ ಅನೇಕ ಸಲ ನೆನೆದಿದ್ದೇನೆ.

ನಮ್ಮ ಕೆಲಸ ತಪಾಸಣೆ ಮಾಡಲು ಇನ್ನೊಬ್ಬ ಮೇಲಧಿಕಾರಿ ಬರುತ್ತಿದ್ದರು. ಅವರು ಕುದುರೆಯಿಂದ ಇಳಿಯುತ್ತಿದ್ದದ್ದೇ ಅಪರೂಪ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋಳು ಎತ್ತಿಸುವುದು, ಕಲೆ ಕಂಡರೆ ತಲೆ ಆಡಿಸುವುದು. "ನಿಶಾನಿ ದೂರದಿಂದ ಕಾಣಬೇಕ್ರಿ" ಎನ್ನುತ್ತಿದ್ದರು. ಅವರಿಗೆ ಬೇಕಾದದ್ದು ಕಲೆ, ಡಾಕ್ಟರಿಗೆ ಬೇಕಾದದ್ದು ಬೊಕ್ಕೆ. ಕೈ ಸ್ವಲ್ಪ ಒತ್ತಿದರೆ ಮೇಲಧಿಕಾರಿ ಸಂತೋಷಪಡುತ್ತಾರೆಂದು ನಾನು ಬೇಗ ಕಲಿತೆ. ಇದನ್ನು ಯಾರೂ ಬಾಯಿಬಿಟ್ಟು ಕಲಿಸಲಿಲ್ಲ. ಕೆಲಸದಲ್ಲಿ ಕೆಟ್ಟದ್ದನ್ನು ಹಾಗೆಯೇ ಕಲಿಯುವುದು.

ಲಸಿಕೆ ಹೈದರಾಬಾದಿನಿಂದ ರೈಲಿನಲ್ಲಿ ವಾಡಿ ಸ್ಟೇಷನ್ನಿಗೆ ಬರುತ್ತಿತ್ತು. ಸೂಜಿಯಷ್ಟು ತೆಳ್ಳಗಿನ ಗಾಜಿನ ನಳಿಗೆಗಳು, ಹತ್ತಿ ತುಂಬಿದ ತಗಡಿನ ಡಬ್ಬಿಯಲ್ಲಿ. ರೈಲು ಬಂದ ದಿನವೇ ಬಿಡಿಸಿಕೊಂಡು, ಒದ್ದೆ ಬಟ್ಟೆ ಸುತ್ತಿ, ಮಣ್ಣಿನ ಗಡಿಗೆಯಲ್ಲಿಟ್ಟು, ನೆರಳು ಹಿಡಿದು ಒಯ್ಯಬೇಕು. ಒಂದು ಬೇಸಿಗೆಯಲ್ಲಿ ಡಬ್ಬಿ ಬರುವ ದಿನ ಚಿತ್ತಾಪುರದಲ್ಲಿ ನನ್ನ ಅಕ್ಕನ ಮಗಳ ಮದುವೆ. ಒಂದು ಊಟ ಉಂಡು ಹೊರಡುವವನು ನಾಲ್ಕು ದಿನ ಉಳಿದೆ. ಯಾರೂ ಹಿಡಿದು ಕೂರಿಸಲಿಲ್ಲ, ನಾನೇ ಕುಳಿತೆ.

ವಾಡಿಯ ಪಾರ್ಸಲ್ ಕೋಣೆಯ ತಗಡಿನ ಮಾಡಿನ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ಇತ್ತು. ಕೈಗೆತ್ತಿಕೊಂಡರೆ ಈಗಷ್ಟೇ ಒಲೆಯಿಂದ ಇಳಿಸಿದ ಹಾಗಿತ್ತು. ಪಾರ್ಸಲ್ ಗುಮಾಸ್ತನ ಮೇಲೆ ರೇಗಿದೆ. "ಬಿಸಲಾಗ ಇಟ್ಟೀರಲ್ರಿ ಇದನ್ನ."

ಅವನು ವೀಳ್ಯದೆಲೆ ಮಡಿಚುತ್ತಾ, "ನೀವು ನಾಕು ದಿನ ಮದಿವಿ ಊಟ ಉಂಡೀರಿ. ನಿಮ್ಮ ಡಬ್ಬಿ ಇಲ್ಲಿ ನಾಕು ದಿನ ಬಿಸಲು ಉಂಡದ. ಸಹಿ ಮಾಡ್ರಿ" ಎಂದ.

ಲಸಿಕೆ ಸತ್ತಿರಬಹುದೆಂದು ನನಗೆ ಗೊತ್ತಿತ್ತು. ಬಹುದು ಎಂಬ ಮಾತನ್ನೂ ಇಲ್ಲಿ ಬಿಡುತ್ತೇನೆ. ಸತ್ತಿದೆ ಎಂದು ಗೊತ್ತಿತ್ತು. ಬೇರೆ ತರಿಸಬೇಕಾದರೆ ಡಾಕ್ಟರಿಗೆ ಮದುವೆಯ ಸಂಗತಿ ಹೇಳಬೇಕು. ಅದರ ಬದಲು ಬಟ್ಟೆ ಒದ್ದೆ ಮಾಡಿ ಸುತ್ತಿಕೊಂಡು ನಡೆದೆ.

ಆ ವಾರ ನನ್ನ ಸರದಿ ಕುಂಚಾವರಂ ಕಡೆ. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಚಿಕ್ಕ ಹಳ್ಳಿ, ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವ ಸೀಮೆ. ಇಪ್ಪತ್ತು ಮನೆಗಳ ಒಂದು ಹಳ್ಳಿಯಲ್ಲಿ ದೊಡ್ಡ ಮಕ್ಕಳಿಗೆಲ್ಲ ಹಿಂದೆಯೇ ದೇವಿ ಹಾಕಿತ್ತು. ಉಳಿದಿದ್ದದ್ದು ಮೂರೇ ಕೂಸು. ಅವುಗಳಲ್ಲಿ ಒಂದು ಮೊಗಲಮ್ಮನ ಮಗಳು ಸಾಬವ್ವ, ಐದು ತಿಂಗಳಿನದು.

ಮೊಗಲಮ್ಮನಿಗೆ ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಆದರೂ ಆ ಹಳ್ಳಿಯ ಕೂಸುಗಳಿಗೆಲ್ಲ ಎರೆಯುವವಳು ಆಕೆ. ತಾಯಿಯಿಂದ ಕಲಿತ ವಿದ್ಯೆ. ಕಾಲು ನೀಡಿ ಕುಳಿತು, ಹಸುಗೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುತ್ತಿದ್ದರೆ ಅಳುವ ಕೂಸು ಸುಮ್ಮನಾಗುತ್ತಿತ್ತು. ಹೆತ್ತ ಮನೆಗಳವರು ಆಕೆಯನ್ನು ಕರೆಯಲು ಬಾಗಿಲಿಗೆ ಬರುತ್ತಿದ್ದರು. ನಾನು ಹೋದ ಹೊತ್ತಿಗೂ ಆಕೆಯ ಕೈ ಒದ್ದೆಯಾಗಿಯೇ ಇತ್ತು.

ಸಾಬವ್ವಳ ತೋಳಿಗೆ ನಾಲ್ಕು ಕಡೆ ಹಾಕಿದೆ. ಕೈ ಒತ್ತಿಯೇ ಹಾಕಿದೆ. ಎಲ್ಲರಿಗೂ ಹೇಳುವುದನ್ನೇ ಆಕೆಗೂ ಹೇಳಿದೆ: "ಎಂಟನೇ ದಿನ ಬಂದು ನೋಡ್ತೀನಿ. ನಾ ಬಂದು ನೋಡೂತನ ಕೂಸಿಗಿ ನೀರು ಹಾಕಬ್ಯಾಡ."

"ಮೈಗಿ ಹಾಕಬಹುದಲ್ರಿ, ತೋಳು ಬಿಟ್ಟು?" ಎಂದಳು. ಕೇಳಬೇಕಾದವರು ಕೇಳುವ ಸರಿಯಾದ ಪ್ರಶ್ನೆ.

ನನಗೆ ಬೇಗ ಹೊರಡಬೇಕಿತ್ತು. "ಏನೂ ಬ್ಯಾಡ ಅಂದೆನಲ್ಲ" ಎಂದೆ.

ಎಂಟನೇ ದಿನ ನಾನು ಹೋಗಲಿಲ್ಲ. ಹೋದರೆ ಏನು ಕಾಣುತ್ತದೆ ಎಂಬುದು ತಿಳಿದಿತ್ತು, ಕಂಡರೆ ಬರೆಯಬೇಕಾಗುತ್ತಿತ್ತು. ದವಾಖಾನೆಯ ಹಿಂದಿನ ಬೇವಿನ ಮರದ ಕೆಳಗೆ ಕುಳಿತು ಮೂರು ಹೆಸರುಗಳ ಮುಂದೆ 'ಕಾಮಿಯಾಬ್' ಎಂದು ಬರೆದೆ. ನನ್ನ ಉರ್ದು ಅಕ್ಷರ ಚೆನ್ನಾಗಿತ್ತು. ಡಾಕ್ಟರು ಅದನ್ನು ಮೆಚ್ಚಿಕೊಂಡರು.

ಮರು ಬೇಸಿಗೆಯಲ್ಲಿ ಆ ಕಡೆ ದೇವಿ ಕಾಣಿಸಿಕೊಂಡಿತು. ಡಾಕ್ಟರು ಬಂಡಿ ಕಟ್ಟಿಸಿ ನನ್ನನ್ನೂ ಕರೆದುಕೊಂಡು ಹೊರಟರು. ಆ ಹಳ್ಳಿಯಲ್ಲಿ ಒಂದೇ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ಸಾಬವ್ವ. ಆ ರೋಗವನ್ನು ಈಗಿನವರು ನೋಡಿಲ್ಲ, ನೋಡದಿರುವುದು ಪುಣ್ಯ. ಕೂಸಿನ ಮುಖದಲ್ಲಿ ಬೆರಳಿಡಲು ಜಾಗವಿರಲಿಲ್ಲ. ಕಣ್ಣುಗಳು ಮುಚ್ಚಿಹೋಗಿದ್ದವು. ಡಾಕ್ಟರು ತೋಳನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ನಾಲ್ಕು ಕಲೆ, ನುಣ್ಣಗೆ, ದೂರದಿಂದ ಕಾಣುವಂಥವು.

"ಇದು ಹತ್ತಿಲ್ಲ, ಶರಣಪ್ಪ. ರಜಿಸ್ಟರಿನ್ಯಾಗ ಕಾಮಿಯಾಬ್ ಅದ."

ಆ ದಿನ ಅವರು ಮಿಯಾ ಎನ್ನಲಿಲ್ಲ. ನನ್ನ ಬಾಯಿಂದ ಬಂದ ಮಾತು ಇದು: "ಎಂಟನೇ ದಿನ ಗುಳ್ಳಿ ಎದ್ದಂಗ ಕಂಡಿತ್ತು ಸಾಹೇಬ್ರ. ಮೊದಲ ದಿನಾನೇ ತಾಯಿ ತೊಳದಿರಬೇಕು, ಪೂರಾ ಹತ್ತಿಲ್ಲ. ಈಕಿ ಕೂಸುಗೋಳಿಗಿ ಎರಿಯಾಕಿ. ನೀರು ಬಿಟ್ಟು ಇರಂಗಿಲ್ಲ."

ಲಸಿಕೆ ಹಾಕಿದ ಕೂಡಲೆ ಒರೆಸಿಹಾಕುವ ತಾಯಂದಿರು ಆಗ ಇದ್ದರು, ಡಾಕ್ಟರಿಗೂ ಅದು ಗೊತ್ತಿತ್ತು. ಅವರು ಮೊಗಲಮ್ಮನ ಕಡೆ ತಿರುಗಿದರು.

"ತೊಳದಿದ್ದೇನವ್ವ?"

"ಇಲ್ರಿ ಯಪ್ಪಾ" ಎಂದಳು. ನನ್ನ ಕಡೆ ನೋಡಿದಳು. "ಇವರು..." ಎಂದು ಶುರು ಮಾಡಿದಳು.

ಅಷ್ಟರಲ್ಲಿ ಅತ್ತೆ ಬಾಗಿಲಿನಿಂದ ಕೂಗಿ ಹೇಳಿದಳು. "ತೊಳದಿರ್ತಾಳ್ರಿ. ಇದಕ್ಕ ನೀರಿನ ಹುಚ್ಚು. ಊರ ಕೂಸು ಎರದು ಎರದು ಮನೀ ಕೂಸಿಗಿ ಬೆಂಕಿ ಹಚ್ಚಿತು."

ಮೊಗಲಮ್ಮ ಕೂಸಿನ ತೋಳಿನ ಮೇಲೆ ಸೆರಗು ಎಳೆದಳು. ಡಾಕ್ಟರು ಹೊಸ ಲಸಿಕೆ ತೆಗೆದು ಇಡೀ ಹಳ್ಳಿಗೆ ತಾವೇ ಹಾಕಿದರು. ರಜಿಸ್ಟರಿನಲ್ಲಿ ಸಾಬವ್ವಳ ಹೆಸರಿನ ಮುಂದೆ, 'ತಾಯಿ ತೊಳೆದದ್ದರಿಂದ ವಿಫಲ' ಎಂದು ನನ್ನ ಕೈಯಿಂದ ಬರೆಸಿದರು.

ಆ ಸಲ ಎಂಟನೇ ದಿನ ತಪ್ಪದೆ ಒಬ್ಬನೇ ಹೋದೆ. ಹಿಂದಿನ ವರ್ಷ ನಾನು ಹಾಕಿದ್ದ ಉಳಿದೆರಡು ಕೂಸುಗಳ ತೋಳಿನಲ್ಲಿ ಪೂರ್ತಿ ಬೊಕ್ಕೆ ಎದ್ದಿತ್ತು, ನಡುವೆ ತಗ್ಗು, ಮುತ್ತಿನ ಬಣ್ಣ. ಹಿಂದೆ ಹತ್ತಿದ್ದರೆ ಈಗ ಹೀಗೆ ಏಳುತ್ತಿರಲಿಲ್ಲ. ಆ ಎರಡು ತೋಳು ನನ್ನ ಸುಳ್ಳಿಗೆ ಸಾಕ್ಷಿ. ಊರಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ.

ಸಾಬವ್ವ ಉಳಿದಳು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದಕ್ಕೆ ಹಗಲೋ ಇರುಳೋ ಎಂಬಷ್ಟು ಮಾತ್ರ ತಿಳಿಯುತ್ತಿತ್ತು.

ಸ್ವಲ್ಪ ದಿನಕ್ಕೆ ಡಾಕ್ಟರಿಗೆ ವರ್ಗವಾಯಿತು. ಸಾಮಾನು ಬಂಡಿಗೆ ಹೇರಿಸಿದ ಮೇಲೆ ನನ್ನನ್ನು ಕರೆದು, "ಆ ಹೆಣ್ಮಗಳು ತೊಳದಿರಲಿಲ್ಲ ಅಂತ ನನಗ ಅನಸ್ತದ" ಎಂದರು. ನಾನು ಹಗ್ಗದ ಗಂಟು ಬಿಗಿಯುತ್ತಿದ್ದೆ. ನಾನು ಇನ್ನೊಂದು ಗಂಟು ಹಾಕಿದೆ. ಅವರು ಹೋದರು.

ಐದು ವರ್ಷ ನಾನು ಆ ಕಡೆ ಕಾಲಿಡಲಿಲ್ಲ. ಕುಂಚಾವರಂ ಸರದಿ ಬಂದಾಗಲೆಲ್ಲ ಜೊತೆಯವನೊಡನೆ ಬದಲಿಸಿಕೊಂಡೆ. ಅವನು ತೆಲುಗಿನವ, ಅವನಿಗೂ ಅದೇ ಅನುಕೂಲ. ನಾವು ಮೈಸೂರು ರಾಜ್ಯಕ್ಕೆ ಸೇರುವ ವರ್ಷ ಅವನು ತನ್ನ ಸೀಮೆಗೆ ಹೋದ. ಬದಲಿಗೆ ಯಾರೂ ಉಳಿಯಲಿಲ್ಲ, ನಾನೇ ಹೋಗಬೇಕಾಯಿತು.

ಮೊಗಲಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಪಕ್ಕದಲ್ಲಿ ಸಾಬವ್ವ ಕುಳಿತು ಮೊರದಿಂದ ಬಿದ್ದ ಕಾಳನ್ನು ಬೆರಳಿನಿಂದ ತಡಕಿ ಆರಿಸುತ್ತಿದ್ದಳು. ತೊಟ್ಟಿಲಿನಲ್ಲಿ ಆಕೆಯ ಗಂಡುಕೂಸು. ಎದುರು ಮನೆಯಲ್ಲೂ ಒಂದು ಹಸುಗೂಸು ಅಳುತ್ತಿತ್ತು. ಅದಕ್ಕೆ ಯಾರೋ ಎರೆಯುತ್ತಿದ್ದರು. ಎರೆಯುತ್ತಿದ್ದವಳು ಮೊಗಲಮ್ಮನಲ್ಲ. ಐದು ವರ್ಷದಿಂದ ಆಕೆಯ ಕಾಲ ಮೇಲೆ ಯಾರೂ ತಮ್ಮ ಕೂಸನ್ನು ಹಾಕಿರಲಿಲ್ಲ ಎಂದು ಆಮೇಲೆ ತಿಳಿಯಿತು. ಕೈ ಕೆಟ್ಟದ್ದು ಎಂಬ ಹೆಸರು ಬಂದಿತ್ತು.

ನಾನು ನಿಂತೇ ಹೇಳಿದೆ. ವಾಡಿ, ಮದುವೆ, ಡಬ್ಬಿ, ಬೇವಿನ ಮರ, ಎಲ್ಲ. ಆಕೆ ಮೊರ ನಿಲ್ಲಿಸದೆ ಕೇಳಿಸಿಕೊಂಡಳು.

"ನನಗ್ಯಾಕ ಹೇಳ್ತೀರಿ?" ಎಂದಳು. "ನಾ ತೊಳದಿಲ್ಲ ಅಂತ ನನಗ ಗೊತ್ತದಲ್ಲ. ಎಂಟು ದಿನ ಅಂದ್ರಿ. ನಾ ಹದಿನೆಂಟು ದಿನ ಕೂಸಿಗಿ ನೀರು ಮುಟ್ಟಿಸಲಿಲ್ಲ. ಊರ ಕೂಸಿಗೆಲ್ಲ ಎರದು ಬಂದು ನನ್ನ ಕೂಸಿನ ಮೈ ವಾಸನಿ ನೋಡಕೋತ ಕುಂತಿದ್ದೆ. ದಾರಿ ಕಡೀ ಮುಖ ಮಾಡಿ ಕುಂದರತಿದ್ದೆ. ನಮ್ಮತ್ತಿ ನಗತಿದ್ಲು, ಟೀಕಾ ಸಾಹೇಬ ನಿನಗ ಬೀಗ ಆಗ್ಯಾನೇನು ಅಂತ. ಹದಿನೆಂಟನೇ ದಿನ ತಾನೇ ಎತಗೊಂಡು ಹೋಗಿ ಎರದ್ಲು. ಅದನ್ನ ಮರತು ನನ್ನ ಮ್ಯಾಲ ಹಾಕಿದ್ಲು."

ಜಗಲಿಯ ಮೇಲೆ ಕುಳಿತೆ.

"ಕುಂದರಬ್ಯಾಡ್ರಿ" ಎಂದಳು. "ಅಕಡಿ ಕಟ್ಟೀ ಮ್ಯಾಲ ಮಂದಿ ಕುಂತಾರ. ನಮ್ಮತ್ತಿನೂ ಅಲ್ಲೇ ಅದಾಳ. ಹೇಳೂದಿದ್ರ ಅಲ್ಲಿ ಹೇಳ್ರಿ."

ಅಷ್ಟು ದೂರದ ಕಟ್ಟೆಯೇನಲ್ಲ. ಆದರೂ ನನ್ನ ನೌಕರಿಯಲ್ಲಿ ಅದಕ್ಕಿಂತ ದೂರ ನಡೆದಿಲ್ಲ. ಹತ್ತು ಹನ್ನೆರಡು ಜನ ಇದ್ದರು. ಮೊದಲಿನಿಂದ ಎಲ್ಲ ಹೇಳಿದೆ. ಒಬ್ಬ ಮುದುಕ, "ಸರ್ಕಾರದ ಮನುಷ್ಯಾ ಆಗಿ ಹಿಂಗ ಮಾಡೂದೇನು?" ಎಂದು ಹೊಗೆಸೊಪ್ಪು ಉಗುಳಿದ. ಅತ್ತೆ ಮಾತ್ರ, "ಆಗಿದ್ದಾತು, ಈಗ ಹೇಳಿದ್ರ ಕಣ್ಣು ಬರ್ತಾವೇನು" ಎಂದು ಎದ್ದು ಹೋದಳು. ಆಕೆಯ ಮಾತು ತಪ್ಪಾಗಿರಲಿಲ್ಲ.

ತಿರುಗಿ ಬಂದಾಗ ಮೊಗಲಮ್ಮ ಗಂಡುಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡಿದ್ದಳು. "ಇದಕ್ಕ ಹಾಕ್ರಿ" ಎಂದು ತೋಳು ಚಾಚಿದಳು. ನಾನು ಹಲ್ಲು ಕಾಯಿಸಿ ಇಪ್ಪತ್ತು ಎಣಿಸಿದೆ. ಸಾಲದೆನಿಸಿ ಮತ್ತೆ ಇಪ್ಪತ್ತು ಎಣಿಸಿದೆ. ಹಾಕಿ ಮುಗಿಸಿದ ಮೇಲೆ ಹೇಳಿದೆ, "ಮೈ ತೊಳೀಬಹುದು. ತೋಳಿಗಿ ಮಾತ್ರ ನೀರು ಬೀಳಬಾರದು."

"ಬ್ಯಾಡ. ನೀವು ಬಂದು ನೋಡೂತನ ಮುಟ್ಟಂಗಿಲ್ಲ" ಎಂದಳು. "ಈ ಸಲ ಎಂಟು ದಿನ ಅಂದ್ರ ಎಷ್ಟು ದಿನ, ಹೇಳಿ ಹೋಗ್ರಿ."

ಎಂಟನೇ ದಿನ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಆ ಅಂಗಳ ಮುಟ್ಟಿದೆ. ಒಲೆಯ ಮೇಲೆ ಹಂಡೆ ನೀರು ಕಾಯುತ್ತಿತ್ತು. ಮೊಗಲಮ್ಮ ಕಾಲು ನೀಡಿ ಕುಳಿತಿದ್ದಳು, ಕಾಲ ಮೇಲೆ ಕೂಸು. ಎದುರು ಮನೆಯ ಸೊಸೆ ತನ್ನ ಹಸುಗೂಸನ್ನು ಅವುಚಿಕೊಂಡು ಜಗಲಿಯ ತುದಿಯಲ್ಲಿ ನಿಂತಿದ್ದಳು. ಕೊಡುತ್ತಾಳೋ ಇಲ್ಲವೋ ಇನ್ನೂ ನಿರ್ಧಾರವಾಗಿರಲಿಲ್ಲ, ಆದರೆ ಬಂದು ನಿಂತಿದ್ದಳು.

"ಯಾರು ಬಂದರವ್ವ?" ಎಂದು ಸಾಬವ್ವ ಕೇಳಿದಳು. ಆಕೆಯ ಕೈಯಲ್ಲಿ ತಂಬಿಗೆ ಇತ್ತು.

"ಟೀಕಾ ಸಾಹೇಬ್ರು. ಎಂಟನೇ ದಿನ ನೋಡ್ಲಿಕ್ಕೆ ಬಂದಾರ."

ಕೂಸಿನ ತೋಳನ್ನು ಬೆಳಕಿಗೆ ತಿರುಗಿಸಿದೆ. ನಾಲ್ಕೂ ಎದ್ದಿದ್ದವು, ನಡುವೆ ತಗ್ಗು, ಮುತ್ತಿನ ಬಣ್ಣ. "ಹತ್ತ್ಯದ. ತೋಳು ಬಿಟ್ಟು ಎರೀ ತಂಗಿ" ಎಂದೆ. ಸಾಬವ್ವ ಹಂಡೆಯ ಅಂಚನ್ನು ತಡಕಿ, ನೀರು ತೋಡಿ, ತಾಯಿಯ ಕೈಗೆ ಕೊಟ್ಟಳು.

ಹಳ್ಳಿಯವರ ಮುಂದೆ ಹೇಳಿದ್ದನ್ನು ಕಚೇರಿಯಲ್ಲಿ ನಾನು ಎಂದೂ ಹೇಳಲಿಲ್ಲ. ನೌಕರಿ ಹೋಗುತ್ತದೆಂದು ಹೆದರಿದೆ. ಆಮೇಲೆ ಮೂವತ್ತು ವರ್ಷ ನೌಕರಿ ಮಾಡಿ ನಿವೃತ್ತನಾದೆ. ಆ ಹಳೆಯ ರಜಿಸ್ಟರನ್ನು ಗೆದ್ದಲು ತಿಂದಿರದಿದ್ದರೆ ಎಲ್ಲೋ ಒಂದು ಕಪಾಟಿನಲ್ಲಿ ನನ್ನ ಚೆಂದದ ಅಕ್ಷರ ಇನ್ನೂ ಇರಬೇಕು. ಸವಿತಾ, ನಿನಗೆ ಎಂದಾದರೂ ಅದು ಸಿಕ್ಕರೆ, ಆ ಸಾಲಿನ ಕೆಳಗೆ ಇದನ್ನು ಬರೆ. ಉರ್ದು ಬೇಡ, ಓದುವವರಿಗೆ ತಿಳಿಯುವ ಕನ್ನಡದಲ್ಲಿ ಬರೆ: ತಾಯಿ ತೊಳೆದಿರಲಿಲ್ಲ. ದೇವಿ ಹಾಕಿದವನು ನೋಡಲು ಹೋಗಿರಲಿಲ್ಲ.